ಚಿತ್ರಕಥೆಯ ವೀರನಾರಿ: ಒನಕೆ ಮತ್ತು ಕೊಡ

ಕಾವ್ಯ, ನಾಟಕ, ಕಾದಂಬರಿಗಳನ್ನು ಒರೆಗೆ ಹಚ್ಚಿ ನೋಡುವ ವಿಮರ್ಶಕರು ಕನ್ನಡದಲ್ಲಿ ಅನೇಕರಿದ್ದಾರೆ. ಆದರೆ ಮಕ್ಕಳ ಕೈಯಲ್ಲಿ ನಲುಗಿ, ಹರಿದು, ಅಂಟು ಹಚ್ಚಿಸಿಕೊಂಡು ಮತ್ತೆ ಹರಿಯುವ ಚಿತ್ರಕಥೆಯ ಪುಸ್ತಕಗಳನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ಬಗೆದವರು ವಿರಳ. ಇದು ನ್ಯಾಯವಲ್ಲ. ಎಂಟು ವರ್ಷದ ಮಗು ಪಂಪನನ್ನು ಓದದು, ಚಿತ್ರಕಥೆಯನ್ನು ಓದುತ್ತದೆ. ಓದಲು ಬಾರದ ಮಗುವೂ ಅದನ್ನು ನೋಡುತ್ತದೆ. ನೋಡಿದ್ದು ಓದಿದ್ದಕ್ಕಿಂತ ಆಳಕ್ಕಿಳಿಯುತ್ತದೆಂಬುದನ್ನು ತರಗತಿಯಲ್ಲಿ ದಿನವೂ ನಿಲ್ಲುವ ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದುದರಿಂದ ಇಂಥ ಪುಸ್ತಕಗಳಲ್ಲಿ ಶೂರಳೆಂದು ಚಿತ್ರಿತಳಾದ ಹೆಂಗಸಿನ ರೂಪ ಹೇಗಿದೆ, ಮುಂದೆ ಹೇಗಾಗಬೇಕು ಎಂಬುದನ್ನು ಈ ಬರಹದಲ್ಲಿ ವಿಚಾರಿಸಲು ಹೊರಟಿದ್ದೇನೆ.

ಕನ್ನಡದ ಮಕ್ಕಳಿಗೆ ಬಣ್ಣದ ಚಿತ್ರಗಳ ರುಚಿಯನ್ನು ಹತ್ತಿಸಿದ್ದು 'ಚಂದಮಾಮ'. ಅದರ ಕನ್ನಡ ಆವೃತ್ತಿ 1949ರಲ್ಲಿ ಹೊರಟಿತು. ನಮ್ಮ ಆದವಾನಿಯ ಸೀಮೆಯಲ್ಲಿ ಒಂದೇ ಮನೆಗೆ ತೆಲುಗಿನ ಚಂದಮಾಮವೂ ಕನ್ನಡದ ಚಂದಮಾಮವೂ ಬರುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುವರು. ತರುವಾಯ 1965ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ 'ಅಮರ ಚಿತ್ರಕಥೆ' ಎಲ್ಲಕ್ಕಿಂತ ಮೊದಲು ಕನ್ನಡದಲ್ಲಿ ಅಚ್ಚಾಯಿತು. ಈ ಸಂಗತಿಯನ್ನು ಅರಿತವರು ಕಡಿಮೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಗ್ಲಿಷಿನಲ್ಲಿ ಬಂದ 'ಕೃಷ್ಣ'ನಿಗೆ ಹನ್ನೊಂದನೆಯ ಸಂಖ್ಯೆ ಬಿದ್ದುದು ಕನ್ನಡದ ಆ ಮೊದಲ ಹತ್ತು ಪುಸ್ತಕಗಳ ಕಾರಣದಿಂದ. ಹೆಮ್ಮೆಪಡಬೇಕಾದ ವಿಷಯವೇ ಸರಿ. ಆದರೆ ಆ ಹತ್ತರಲ್ಲಿ ಇದ್ದ ಹೆಣ್ಣುಗಳು ಯಾರು? ಸಿಂಡ್ರೆಲಾ, ಹಿಮಬಾಲೆ, ನಿದ್ರಾಸುಂದರಿ. ಒಬ್ಬಳು ಪಾದರಕ್ಷೆ ಹಿಡಿದು ಬರುವವನಿಗಾಗಿ ಕಾಯುವಳು. ಉಳಿದಿಬ್ಬರು ಮಲಗಿಯೇ ಕಾಯುವರು. ಕನ್ನಡದ ಚಿತ್ರಕಥೆಯಲ್ಲಿ ಹೆಣ್ಣು ಕಾಲಿಟ್ಟುದು ಹೀಗೆ.

ಕಾಯದೆ ತಾನೇ ಎದ್ದು ನಡೆದ ಹೆಣ್ಣು ಚಿತ್ರಕಥೆಯಲ್ಲಿ ಅದಕ್ಕೆ ಬಹಳ ಹಿಂದೆಯೇ ಅಮೆರಿಕೆಯಲ್ಲಿ ಹುಟ್ಟಿದ್ದಳು. ಅವಳ ಹೆಸರು ವಂಡರ್ ವುಮನ್. ಹುಟ್ಟಿದ್ದು 1941ರ ಕೊನೆಯಲ್ಲಿ. ಕಥೆ ಬರೆದವನು ವಿಲಿಯಂ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ, ಚಿತ್ರ ಬರೆದವನು ಎಚ್. ಜಿ. ಪೀಟರ್. ರಕ್ತದ ಒತ್ತಡವನ್ನು ಅಳೆದು ಸುಳ್ಳನ್ನು ಪತ್ತೆ ಮಾಡುವ ವಿಧಾನದಲ್ಲಿ ಈ ಮಾರ್ಸ್ಟನ್ ಕೆಲಸ ಮಾಡಿದ್ದವನು. ತನ್ನ ನಾಯಕಿಯ ಕೈಗೆ ಅವನು ಕೊಟ್ಟ ಆಯುಧ ಕತ್ತಿಯಲ್ಲ, ಕಟ್ಟಿಸಿಕೊಂಡವರ ಬಾಯಿಂದ ನಿಜವನ್ನೇ ಹೊರಡಿಸುವ ಒಂದು ಹಗ್ಗ. ಕೈಗಳಲ್ಲಿ ಗುಂಡನ್ನು ತಡೆಯುವ ಬಳೆಗಳು. ನಮ್ಮಲ್ಲಿ ಹೇಡಿಯನ್ನು ಹೀಯಾಳಿಸುವಾಗ 'ಕೈಗೆ ಬಳೆ ತೊಟ್ಟುಕೊಂಡಿದ್ದೀಯಾ' ಎನ್ನುತ್ತೇವೆ. ಆ ಬೈಗುಳಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ.

ಆದರೆ ಅವಳ ಮುಂದಿನ ಚರಿತ್ರೆಯನ್ನು ಗಮನಿಸಬೇಕು. ಗಂಡಸೊಬ್ಬನು ಆ ಬಳೆಗಳಿಗೆ ಸರಪಳಿ ಬೆಸೆದರೆ ಅವಳ ಬಲವೆಲ್ಲ ಉಡುಗುವುದೆಂದು ಮಾರ್ಸ್ಟನ್ನನೇ ಕಥೆ ಕಟ್ಟಿದನು. ಪುಟಪುಟದಲ್ಲಿಯೂ ಅವಳನ್ನು ಕಟ್ಟಿಹಾಕಿದ ಚಿತ್ರಗಳು ಬಂದವು. 1942ರಲ್ಲಿ ಶೂರರ ಸಂಘವೊಂದು ಅವಳನ್ನು ಸೇರಿಸಿಕೊಂಡಿತು. ಕೊಟ್ಟ ಹುದ್ದೆ ಯಾವುದು? ಕಾರ್ಯದರ್ಶಿನಿ! ಗಂಡು ಶೂರರೆಲ್ಲ ಯುದ್ಧಕ್ಕೆ ಹೊರಟರೆ ಇವಳು ಕಾಗದ ಪತ್ರ ನೋಡಿಕೊಂಡು ಮನೆಯಲ್ಲಿರತಕ್ಕದ್ದು. ನಮ್ಮ ಸಂಘ ಸಂಸ್ಥೆಗಳ ಕಾರ್ಯಕಾರೀ ಸಮಿತಿಗಳನ್ನು ಬಲ್ಲವರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. 1947ರಲ್ಲಿ ಮಾರ್ಸ್ಟನ್ ತೀರಿಕೊಂಡ ಬಳಿಕ ಬೇರೆ ಕೈಗಳಲ್ಲಿ ಅವಳು ಮದುವೆಯ ಚಿಂತೆಯವಳಾದಳು. 1968ರಲ್ಲಿ ಅವಳ ಶಕ್ತಿಯನ್ನೆಲ್ಲ ಕಿತ್ತುಕೊಂಡು ಬಟ್ಟೆಯಂಗಡಿ ಹಾಕಿಕೊಟ್ಟರು. 1972ರ ಜುಲೈಯಲ್ಲಿ ಗ್ಲೋರಿಯಾ ಸ್ಟೈನೆಮ್ ಮೊದಲಾದ ಮಹಿಳೆಯರು 'ಮಿಸ್' ಎಂಬ ಪತ್ರಿಕೆಯ ಸಂಚಿಕೆಯ ಮುಖಪುಟದಲ್ಲಿ ಅವಳನ್ನು ಹಳೆಯ ಬಲದೊಡನೆ ನಿಲ್ಲಿಸಿದರು. ಮರುವರ್ಷವೇ ಚಿತ್ರಕಥೆಯಲ್ಲಿಯೂ ಅವಳಿಗೆ ಶಕ್ತಿ ಮರಳಿತು.

ತೀರ ಈಚಿನ ಪ್ರಸಂಗವೊಂದಿದೆ. 2016ರ ಅಕ್ಟೋಬರಿನಲ್ಲಿ, ಅವಳ 75ನೆಯ ವರ್ಷದ ಸಂದರ್ಭದಲ್ಲಿ, ವಿಶ್ವಸಂಸ್ಥೆಯು ಹೆಣ್ಣುಮಕ್ಕಳ ಏಳಿಗೆಗೆ ಅವಳನ್ನು ಗೌರವ ರಾಯಭಾರಿಯಾಗಿ ನೇಮಿಸಿತು. ಅಲ್ಲಿಯ ನೌಕರರೇ ಇದನ್ನು ವಿರೋಧಿಸಿದರು. ಅಂಥ ತುಂಡು ಉಡುಪಿನ, ಗಂಡಸರ ಕಣ್ಣಿಗೆಂದೇ ಅಳೆದು ಬರೆದ ಮೈಕಟ್ಟಿನ ಬೊಂಬೆಯು ಲೋಕದ ಹೆಣ್ಣುಮಕ್ಕಳನ್ನು ಪ್ರತಿನಿಧಿಸಲಾರದು, ನಿಜವಾದ ಹೆಂಗಸರು ಇಲ್ಲವೇ ಎಂದು ಕೇಳಿದರು. ಡಿಸೆಂಬರಿನಲ್ಲಿಯೇ ಆ ಗೌರವ ಮುಗಿಯಿತು. ಎಪ್ಪತ್ತೈದು ವರ್ಷಗಳ ಬಳಿಕವೂ ವಾದ ನಿಂತದ್ದು ಉಡುಪಿನ ಮೇಲೆ. ಅವಳು ಏನು ಮಾಡಿದಳೆಂಬುದು ಹಿಂದಾಯಿತು, ಏನು ಉಟ್ಟಳೆಂಬುದೇ ಮುಂದಾಯಿತು.

ನಮ್ಮ ವೀರನಾರಿಯರ ಚಿತ್ರಗಳಲ್ಲಿ ಉಡುಪಿನ ಈ ತಕರಾರು ಇಲ್ಲ. ಕಚ್ಚೆ ಹಾಕಿದ ಸೀರೆ, ಕುಪ್ಪಸ, ಹಣೆಯಲ್ಲಿ ದೊಡ್ಡ ಕುಂಕುಮ. ಯಾರೂ ಬೆರಳು ತೋರಿಸುವಂತಿಲ್ಲ. ಅದರಿಂದಾಗಿಯೇ ಇವುಗಳ ದೋಷ ನಮ್ಮ ಕಣ್ಣಿಗೆ ಬೀಳದೆ ಉಳಿದಿದೆ. ಕಿತ್ತೂರು ಚೆನ್ನಮ್ಮನನ್ನು ತೆಗೆದುಕೊಳ್ಳೋಣ. ಅವಳೆಂದರೆ ಕುದುರೆ ಮತ್ತು ಎತ್ತಿ ಹಿಡಿದ ಕತ್ತಿ. 1961ರ ಚಲನಚಿತ್ರದ ಬಿ. ಸರೋಜಾದೇವಿಯವರ ಮುಖವೂ ಅದರೊಡನೆ ಸೇರಿಕೊಂಡಿತು. ಹೆಸರನ್ನು ಮುಚ್ಚಿ ತೋರಿಸಿದರೆ ಇದು ಕಿತ್ತೂರಿನ ರಾಣಿಯೋ ಝಾನ್ಸಿಯ ರಾಣಿಯೋ ಎಂದು ಮಕ್ಕಳು ಹೇಳಲಾರರು. ಇಬ್ಬರ ನಡುವೆ ಮೂವತ್ತಮೂರು ವರ್ಷಗಳ ಅಂತರವಿದೆ. ಕಿತ್ತೂರಿನ ಯುದ್ಧ 1824, ಝಾನ್ಸಿಯದು 1857ರ ದಂಗೆಯ ಕಾಲ. ಚೆನ್ನಮ್ಮ ಕತ್ತಿಗಿಂತ ಮೊದಲು ಹಿಡಿದುದು ಲೇಖನಿಯನ್ನು. ದತ್ತು ಮಗನನ್ನು ಒಪ್ಪದ ಕಂಪನಿಯ ಅಧಿಕಾರಿಗಳೊಡನೆ ಪತ್ರವ್ಯವಹಾರ ನಡೆಸಿದಳು, ಮುಂಬಯಿಯ ಗವರ್ನರನಿಗೂ ಬರೆಯಿಸಿದಳು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತು, ಎಲಿಯಟ್ ಮತ್ತು ಸ್ಟೀವನ್ಸನ್ ಎಂಬಿಬ್ಬರು ಆಂಗ್ಲರು ಸೆರೆಸಿಕ್ಕಿದರು. ಯುದ್ಧ ನಿಲ್ಲುವುದೆಂಬ ಭರವಸೆಯ ಮೇಲೆ ಅವರನ್ನು ಜೀವಸಹಿತ ಬಿಟ್ಟುಕೊಟ್ಟರು, ಭರವಸೆ ಉಳಿಯಲಿಲ್ಲ. ಈ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿಮಾಡಿಸಿ ಚಾಲುಕ್ಯರ ಚರಿತ್ರೆಗೆ ದಾರಿ ತೆಗೆದ ವಾಲ್ಟರ್ ಎಲಿಯಟ್. ಕಿತ್ತೂರಿನಲ್ಲಿ ಅವನ ಕೊರಳನ್ನು ಕತ್ತರಿಸಿದ್ದರೆ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಎಷ್ಟು ಪುಟಗಳು ತಡವಾಗುತ್ತಿದ್ದವೋ! ಹಗೆಯನ್ನು ಕೊಲ್ಲದೆ ಉಳಿಸಿದ ರಾಣಿಯ ಆ ಗಳಿಗೆಗೆ ಒಂದು ಚೌಕಟ್ಟು ದೊರೆಯಬಾರದೇ? ಕುದುರೆಯ ಚಿತ್ರಕ್ಕೆ ಇಡೀ ಪುಟ ಹೋಗುತ್ತದೆ.

ರಾಣಿಯರ ಮಾತು ಇಷ್ಟು ಸಾಕು. ನನ್ನ ಮುಖ್ಯ ವಿಷಯ ಚಿತ್ರದುರ್ಗದ ಓಬವ್ವ.

ನಮ್ಮ ಸೀಮೆಯ ಮಕ್ಕಳಿಗೂ ಅವಳಿಗೂ ಇರುವ ನಂಟು ಕೇವಲ ಚಿತ್ರದ ನಂಟು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಕನ್ನಡ ಮಾಧ್ಯಮದ ಶಾಲೆಗಳು ಉಳಿದವು. ಆದರೆ ಇಲ್ಲಿಯ ಬಹುಪಾಲು ಮಕ್ಕಳು ದುರ್ಗದ ಬೆಟ್ಟವನ್ನಾಗಲಿ ಓಬವ್ವನ ಕಿಂಡಿಯನ್ನಾಗಲಿ ಕಂಡವರಲ್ಲ. ನವೆಂಬರ್ ತಿಂಗಳ ರಾಜ್ಯೋತ್ಸವದಲ್ಲಿ ವೇಷ ಹಾಕುವಾಗ, ಗೋಡೆಗೆ ತೂಗುಹಾಕಿದ ಪಟದಲ್ಲಿ, ಬಣ್ಣದ ಪುಟ್ಟ ಪುಸ್ತಕದಲ್ಲಿ ಅವಳನ್ನು ಕಾಣುವರು. ಹಾಗಾಗಿ ಚಿತ್ರ ತಪ್ಪಿದರೆ ತಿದ್ದಲು ಅವರಿಗೆ ಬೇರೊಂದು ದಾರಿಯಿಲ್ಲ.

ಕಥೆ ಎಲ್ಲರಿಗೂ ಗೊತ್ತಿದ್ದುದೇ. ಕೊನೆಯ ಮದಕರಿ ನಾಯಕನ ಕಾಲ. ಹೈದರಾಲಿಯ ಸೈನ್ಯ ಕೋಟೆಯನ್ನು ಮುತ್ತಿದೆ. ಕಹಳೆಯ ಕಾವಲುಗಾರ ಮುದ್ದಹನುಮ ಊಟಕ್ಕೆ ಮನೆಗೆ ಬಂದಿದ್ದಾನೆ. ಕುಡಿಯಲು ನೀರಿಲ್ಲ. ಹೆಂಡತಿ ಓಬವ್ವ ಕೊಡ ಹಿಡಿದು ಹೋಗುತ್ತಾಳೆ. ಬಂಡೆಗಳ ನಡುವಣ ಕಿಂಡಿಯಲ್ಲಿ ಶತ್ರುಗಳ ಪಿಸುಮಾತು ಕೇಳುತ್ತದೆ. ಮನೆಗೆ ಮರಳಿ ಒನಕೆ ತರುತ್ತಾಳೆ. ನುಸುಳಿದವನನ್ನು ನುಸುಳಿದಂತೆಯೇ ಬಡಿದು, ಹೆಣವನ್ನು ಪಕ್ಕಕ್ಕೆಳೆಯುತ್ತಾಳೆ. ಕೊನೆಗೆ ಅವಳೂ ಅಳಿಯುತ್ತಾಳೆ. ಹೇಗೆಂಬುದನ್ನು ಜನ ಒಂದೊಂದು ಬಗೆಯಾಗಿ ಹೇಳುವರು.

ಈಗ ಚಿತ್ರಗಳನ್ನು ನೋಡೋಣ. ನಾನು ಕಂಡ ಪಟಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಬಿಚ್ಚಿದ ಕೂದಲು, ಕೆಂಗಣ್ಣು, ತಲೆಯ ಮೇಲೆ ಓರೆಯಾಗಿ ಎತ್ತಿದ ಒನಕೆ, ಕಾಲ ಬಳಿ ಹೆಣಗಳ ರಾಶಿ. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದ ಹಾಡೊಂದರಲ್ಲಿ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡರು. ಆ ಅಭಿನಯದ ಬಿಸಿ ಇಂದಿಗೂ ಆರಿಲ್ಲ. ನಂತರ ಕುಂಚ ಹಿಡಿದವರ ಕಣ್ಣಿನಲ್ಲಿ ಆ ಮುಖವೇ ನಿಂತಿತೆಂದರೆ ಅದು ನಟಿಯ ಹಿರಿಮೆ, ಚಿತ್ರಕಾರರ ಸೋಮಾರಿತನ. ಚಲನಚಿತ್ರಕ್ಕೆ ಇರುವುದು ಹಾಡಿನ ಕೆಲವೇ ನಿಮಿಷ. ಅಷ್ಟರಲ್ಲಿ ರೋಷವನ್ನು ತೋರಿಸಿ ಮುಗಿಸಬೇಕು. ಪುಸ್ತಕಕ್ಕೆ ಆ ಅವಸರವೇನು?

ಮೊದಲನೆಯದಾಗಿ ಒನಕೆಯನ್ನೇ ನೋಡಿರಿ. ಪಟದ ಓಬವ್ವ ಅದನ್ನು ಭೀಮನ ಗದೆಯಂತೆ ಬೀಸುತ್ತಾಳೆ. ಕುಟ್ಟುವ ಹೆಂಗಸು ಒನಕೆಯನ್ನು ಬೀಸುವುದಿಲ್ಲ. ನೆಟ್ಟಗೆ ಮೇಲೆತ್ತಿ ನೆಟ್ಟಗೆ ಕೆಳಗಿಳಿಸುತ್ತಾಳೆ. ಎತ್ತುವುದಷ್ಟೇ ಅವಳ ಕೆಲಸ; ಇಳಿಯುವಾಗ ಮರದ ಭಾರವೂ ತುದಿಯ ಕಬ್ಬಿಣದ ಸುತ್ತೂ ಸೇರಿ ಕೆಲಸ ಮಾಡುತ್ತವೆ. ಹಾಗಲ್ಲದಿದ್ದರೆ ಗಳಿಗೆಗಟ್ಟಲೆ ಕುಟ್ಟುವುದು ಯಾರಿಂದಲೂ ಆಗದು. ಕಿಂಡಿಯಿಂದ ಬರುವವನು ನಿಂತು ಬರುವವನಲ್ಲ. ಬಗ್ಗಿ, ತೆವಳಿ, ತಲೆಯನ್ನು ಮುಂದೆ ಮಾಡಿ ಬರುವವನು. ಅವನ ತಲೆ ಒರಳಿನ ಮಟ್ಟದಲ್ಲಿರುತ್ತದೆ. ಹಾಗಾದರೆ ಓಬವ್ವ ಅಂದು ಮಾಡಿದುದು ತಾನು ದಿನವೂ ಮಾಡುತ್ತಿದ್ದ ಕೆಲಸದ ಚಲನೆಯನ್ನೇ! ಹೊಸದಾಗಿ ಒಂದು ವಿದ್ಯೆ ಅವಳಿಗೆ ಬೇಕಾಗಲಿಲ್ಲ, ದೇವತೆಯೊಬ್ಬಳು ಬಂದು ಮೈದುಂಬಬೇಕಾಗಲಿಲ್ಲ. ಬತ್ತ, ರಾಗಿ, ಮೆಣಸು ಕುಟ್ಟಿದ ತೋಳಿಗೆ ಲೆಕ್ಕ ಗೊತ್ತಿತ್ತು. ಎತ್ತು, ಇಳಿಸು, ಪಕ್ಕಕ್ಕೆ ಸರಿಸು, ಮತ್ತೆ ಎತ್ತು. ಕುಟ್ಟಿದುದನ್ನು ಬದಿಗೆ ಸರಿಸುವ ಕೈ ಹೆಣವನ್ನೂ ಬದಿಗೆ ಸರಿಸಿತು. ಈ ಕಥೆಯ ನಿಜವಾದ ರೋಮಾಂಚನ ಇಲ್ಲಿದೆ. ಒನಕೆಯನ್ನು ಓರೆ ಮಾಡಿ ಬರೆದ ಒಂದು ಗೀಟಿನಿಂದ ಪಟದವರು ಅದನ್ನೆಲ್ಲ ಕಳೆದಿದ್ದಾರೆ.

ಎರಡನೆಯದು ಮೌನ. ಒಬ್ಬೊಬ್ಬನೇ ನುಸುಳುವಷ್ಟು ಇಕ್ಕಟ್ಟಾದ ದಾರಿಯಿದು. ಹಿಂದೆ ಬರುವವನಿಗೆ ಮುಂದಿನವನ ಗತಿ ತಿಳಿಯಬಾರದು. ಕೂಗಿದರೆ ಕೆಟ್ಟಿತು. ಆದುದರಿಂದ ಓಬವ್ವ ಬಾಯಿ ತೆರೆದು ಅಬ್ಬರಿಸಿರಲಾರಳು. ಪಟದಲ್ಲಿ ಮಾತ್ರ ಯಾವಾಗಲೂ ಬಾಯಿ ತೆರೆದಿರುತ್ತದೆ. ಒಬ್ಬನನ್ನು ಬಡಿದ ಮೇಲೆ ಮತ್ತೊಬ್ಬನು ಬರುವ ತನಕ ಅವಳು ಕಾದಿರಬೇಕು. ಎಷ್ಟು ಹೊತ್ತು? ಆ ಹೊತ್ತಿನಲ್ಲಿ ಅವಳಿಗೆ ಏನು ಕೇಳಿಸಿತು? ಗಂಡನು ಊಟ ಮುಗಿಸಿ ಏಳುವ ಸದ್ದೇ? ಕೋಟೆಯ ಕೆಳಗಿನ ಕುದುರೆಗಳ ಸದ್ದೇ? ಇದನ್ನು ತೋರಿಸಲು ಚಲನಚಿತ್ರಕ್ಕಿಂತಲೂ ಶಿಲೆಗಿಂತಲೂ ಚಿತ್ರಕಥೆಗೆ ಹೆಚ್ಚು ಸಾಮರ್ಥ್ಯವಿದೆ. ಶಿಲೆ ಒಂದೇ ಗಳಿಗೆಯನ್ನು ಹಿಡಿಯುತ್ತದೆ. ಚಿತ್ರಕಥೆಗೆ ಚೌಕಟ್ಟುಗಳ ಸಾಲಿದೆ. ಮೂರು ಚೌಕಟ್ಟುಗಳಲ್ಲಿ ಕಿಂಡಿಯ ಕತ್ತಲನ್ನಷ್ಟೇ ಬರೆದು, ನಾಲ್ಕನೆಯದರಲ್ಲಿ ಒಂದು ಕೈ ಹೊರಬರುವಂತೆ ಮಾಡಿದರೆ ಓದುವ ಮಗುವೂ ಅವಳೊಡನೆ ಉಸಿರು ಹಿಡಿದು ಕಾಯುತ್ತದೆ. ಮಕ್ಕಳ ಪುಸ್ತಕದವರು ಪುಟ ಉಳಿಸಲೆಂದು ಈ ಕಾಯುವಿಕೆಯನ್ನೆಲ್ಲ ಕಿತ್ತುಹಾಕಿ ಹೆಣಗಳ ರಾಶಿಯನ್ನು ಮಾತ್ರ ಉಳಿಸುತ್ತಾರೆ. ಸಿಂಡ್ರೆಲಾ ಕಾದದ್ದೂ ಕಾಯುವಿಕೆಯೇ, ಓಬವ್ವ ಕಾದದ್ದೂ ಕಾಯುವಿಕೆಯೇ. ಎರಡಕ್ಕೂ ಇರುವ ಅಂತರವನ್ನು ಮಗುವಿಗೆ ತೋರಿಸಬೇಕಾದರೆ ಎರಡನೆಯದನ್ನು ಮೊದಲು ಬರೆಯಬೇಕಲ್ಲ!

ಮೂರನೆಯದನ್ನು ನನಗೆ ತೋರಿಸಿಕೊಟ್ಟವಳು ನಾಲ್ಕನೆಯ ತರಗತಿಯ ಒಬ್ಬ ಹುಡುಗಿ. ಪಟವನ್ನು ಹಿಡಿದು ಕಥೆ ಹೇಳಿ ಮುಗಿಸಿದಾಗ ಅವಳು ಎದ್ದು ಕೇಳಿದಳು: "ಸಾರ್, ಆಕಿ ತುಂಬಿಕೊಂಡು ಬರಾಕ ಹೋಗಿದ್ದ ನೀರು ಏನಾತು? ಕೊಡ ಎಲ್ಲಿಟ್ಟಳು?" ಉಳಿದ ಮಕ್ಕಳು ನಕ್ಕರು. ಪಟದಲ್ಲಿ ಕೊಡವಿರಲಿಲ್ಲ. ಯಾವ ಪಟದಲ್ಲಿಯೂ ಕೊಡವಿಲ್ಲವೆಂಬುದು ನನಗೆ ಆಮೇಲೆ ಹುಡುಕಿದಾಗ ಹೊಳೆಯಿತು. ಬೇಸಗೆಯಲ್ಲಿ ನಲ್ಲಿಯ ಮುಂದೆ ಬಿಂದಿಗೆಗಳ ಸಾಲು ಹಿಡಿದು ನಿಂತು, ಆಮೇಲೆ ಶಾಲೆಗೆ ಓಡಿ ಬರುವ ಹುಡುಗಿಯ ಪ್ರಶ್ನೆಯಿದು. ಕೊಡವನ್ನು ಎಲ್ಲಿಯಾದರೂ ಇಡಲೇಬೇಕು, ಸದ್ದಾಗದಂತೆ ಇಡಬೇಕು, ಕಲ್ಲಿಗೆ ತಾಗಿ ಒಡೆಯಬಾರದು ಎಂಬುದು ಅವಳಿಗೆ ಗೊತ್ತು, ಚಿತ್ರಕಾರನಿಗೆ ಗೊತ್ತಿಲ್ಲ. ಪಿಸುಮಾತು ಕೇಳಿದೊಡನೆ ಕೊಡವನ್ನು ಸದ್ದಿಲ್ಲದೆ ಕೆಳಗಿಡುವ ಆ ಎರಡು ಕೈಗಳಲ್ಲಿ ಓಬವ್ವನ ಬುದ್ಧಿಯೆಲ್ಲ ಇದೆ. ಅದನ್ನು ಬರೆಯಬಲ್ಲ ಕಲಾವಿದನಿಗೆ ಕೆಂಗಣ್ಣು ಬರೆಯುವ ಅಗತ್ಯ ಬೀಳದು.

ಕೆಲವರು ಕೇಳಬಹುದು: ಅವಳು ಗಂಡನನ್ನೇಕೆ ಕರೆಯಲಿಲ್ಲ? ಊಟದ ನಡುವೆ ಎಬ್ಬಿಸಬಾರದೆಂದು, ಎಂದು ಕಥೆ ಹೇಳುವವರು ಉತ್ತರ ಕೊಡುವರು. ಪುಸ್ತಕಗಳಲ್ಲಿ ಇದು ಪಾತಿವ್ರತ್ಯದ ಪಾಠವಾಗುತ್ತದೆ. ಆಗಲಿ, ಕಥೆಯಲ್ಲಿ ಇದ್ದುದನ್ನು ಅಳಿಸೆಂದು ನಾನು ಹೇಳೆನು. ಆದರೆ ಅದೊಂದೇ ಅರ್ಥವೆಂದು ಮಗುವಿನ ಕೈಗೆ ಕೊಡುವುದು ಸರಿಯಲ್ಲ. ಒಬ್ಬೊಬ್ಬರೇ ಬರುವ ದಾರಿಗೆ ಒಬ್ಬಳು ಸಾಕೆಂದು ಅವಳು ಲೆಕ್ಕ ಹಾಕಿದ್ದಳೆಂದೂ ಬರೆಯಬಹುದು. ಕರೆದು ಹೇಳಿ ಒಪ್ಪಿಸುವಷ್ಟರಲ್ಲಿ ನಾಲ್ವರು ಒಳಗೆ ಬಂದಿರುತ್ತಾರೆಂದೂ ಬರೆಯಬಹುದು.

ಇನ್ನು ಮೈಬಣ್ಣ, ಒಡವೆಗಳ ವಿಚಾರ. ಓಬವ್ವನು ಛಲವಾದಿ ಸಮುದಾಯದವಳೆಂದು ಹೇಳುತ್ತಾರೆ. 2021ರಿಂದ ಕರ್ನಾಟಕ ಸರಕಾರವು ನವೆಂಬರ್ 11ರಂದು ಅವಳ ಜಯಂತಿಯನ್ನು ಆಚರಿಸುತ್ತಿದೆ. ಸಂತೋಷ. ಆದರೆ ಪಟದಲ್ಲಿ ಅವಳು ಇಂದಿಗೂ ಗೋಧಿಬಣ್ಣದ, ಜರಿಯಂಚಿನ ಸೀರೆಯ, ಮೂಗುತಿ ಡಾಬುಗಳ ಗೃಹಿಣಿ. ಕಾವಲುಗಾರನ ಹೆಂಡತಿ ನೀರಿಗೆ ಹೋಗುವಾಗ ಡಾಬು ಕಟ್ಟಿಕೊಂಡು ಹೋಗುತ್ತಾಳೆಯೇ? ಬಿಸಿಲಿನಲ್ಲಿ ದುಡಿದು ಕಪ್ಪಾದ ಮೈ, ಮೊಣಕಾಲಿಗೆ ಎತ್ತಿ ಕಟ್ಟಿದ ಹಳೆಯ ಸೀರೆ, ಒನಕೆ ಹಿಡಿದು ದಡ್ಡುಗಟ್ಟಿದ ಅಂಗೈ ಇವುಗಳನ್ನು ಬರೆಯಲು ನಮ್ಮವರ ಕೈ ಏಕೆ ನಡುಗುತ್ತದೆ? ಇಲ್ಲಿಯ ತರಗತಿಗಳಲ್ಲಿ ಕುಳಿತ ಎಷ್ಟೋ ಹುಡುಗಿಯರ ಮನೆಯವರು ದಸರೆ ಕಳೆದ ಮೇಲೆ ಗುಂಟೂರಿನ ಕಡೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೊರಡುವರು. ಹುಡುಗಿಯರ ಹೆಸರು ಹಾಜರಿ ಪುಸ್ತಕದಲ್ಲಿರುತ್ತದೆ, ಅವರು ಹೊಲದಲ್ಲಿರುತ್ತಾರೆ. ಮರಳಿ ಬಂದಾಗ ಬೆರಳ ತುದಿ ಹತ್ತಿಯ ಸಿಪ್ಪೆಗೆ ಸೀಳಿರುತ್ತದೆ. ಆ ಬೆರಳು ಪುಟ ತಿರುಗಿಸಿದಾಗ ಪುಸ್ತಕದ ವೀರನಾರಿಗೂ ತನಗೂ ಯಾವ ಹೋಲಿಕೆಯೂ ಕಾಣದಿದ್ದರೆ, ಶೌರ್ಯವೆಂಬುದು ಬಿಳಿಯ ಮೈಯವರ ಸೊತ್ತೆಂದು ಅವಳು ತಿಳಿದರೆ, ಆ ಪಾಠವನ್ನು ಕಲಿಸಿದವರು ನಾವೇ.

ಶತ್ರುವಿನ ಮುಖದ ಬಗೆಗೂ ಒಂದು ಮಾತು. ಹೈದರನ ಸಿಪಾಯಿಗಳನ್ನು ಪಟಗಳಲ್ಲಿ ರಾಕ್ಷಸರಂತೆ, ಒಂದೇ ಬಗೆಯ ಗಡ್ಡ, ಒಂದೇ ಬಗೆಯ ಕ್ರೂರ ಹಲ್ಲು ಇಟ್ಟು ಬರೆಯುವರು. ಆದವಾನಿಯ ಉಪಾಧ್ಯಾಯನು ಇದನ್ನು ಒಪ್ಪಲಾರನು. ಇಲ್ಲಿ ಸಿದ್ದಿ ಮಸೂದ್ ಖಾನನು ಕಟ್ಟಿಸಿದ ಜಾಮಿಯಾ ಮಸೀದಿಯಿದೆ. ಅದೇ ಮಸೂದ್ ಖಾನನು ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆಯ ಗ್ರಾಮವನ್ನು ಕೊಟ್ಟನೆಂದು ಮಂತ್ರಾಲಯದ ಪರಂಪರೆ ಹೇಳುತ್ತದೆ. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಮಕ್ಕಳಲ್ಲಿ ಒಬ್ಬನ ಮುಖ ಪಟದ ಶತ್ರುವಿನ ಮುಖವಾಗಬಾರದು. ಕಿಂಡಿಯಿಂದ ಬಂದ ಸಿಪಾಯಿಯೂ ಸಂಬಳಕ್ಕೆ ದುಡಿಯುವ ಮನುಷ್ಯನೇ. ಅವನ ಮುಖದಲ್ಲಿ ಭಯವನ್ನು ಬರೆದರೆ ಓಬವ್ವನ ಕೆಲಸ ಕಿರಿದಾಗದು. ರಾಕ್ಷಸರನ್ನು ಕೊಲ್ಲುವುದು ಸುಲಭ. ಭಯಪಟ್ಟ ಮನುಷ್ಯನ ತಲೆಯ ಮೇಲೆ ಒನಕೆ ಇಳಿಸಿ, ಅವನನ್ನು ಪಕ್ಕಕ್ಕೆ ಎಳೆದು, ಮತ್ತೆ ಬಂದು ನಿಲ್ಲುವುದಕ್ಕೆ ಎಂಥ ಎದೆ ಬೇಕು!

ಇಂಥ ಹೆಂಗಸನ್ನು ದೇವಿಯಾಗಿಸುವ ಚಾಳಿ ನಮ್ಮಲ್ಲಿ ಬಲವಾಗಿದೆ. 2014ರಲ್ಲಿ 'ಪ್ರಿಯಾಳ ಶಕ್ತಿ' ಎಂಬ ಚಿತ್ರಕಥೆ ಬಂದಿತು. 2012ರ ದೆಹಲಿಯ ದುರ್ಘಟನೆಯ ತರುವಾಯ ರಾಮ್ ದೇವಿನೇನಿಯವರು ಡಾನ್ ಗೋಲ್ಡ್‌ಮನ್ ಎಂಬ ಕಲಾವಿದರೊಡನೆ ಸೇರಿ ಮಾಡಿದ್ದು. ದೌರ್ಜನ್ಯಕ್ಕೊಳಗಾಗಿ ಮನೆಯವರಿಂದಲೂ ದೂರವಾದ ಹಳ್ಳಿಯ ಹುಡುಗಿ ಪಾರ್ವತಿಯ ಅನುಗ್ರಹದಿಂದ ಧೈರ್ಯ ಪಡೆದು ಹುಲಿಯ ಮೇಲೇರಿ ಬರುತ್ತಾಳೆ. ಉದ್ದೇಶ ಪ್ರಶಂಸನೀಯ, ಲಜ್ಜೆಪಡಬೇಕಾದವಳು ಅವಳಲ್ಲವೆಂದು ಹೇಳಿದ್ದು ದೊಡ್ಡದು. ಆದರೂ ಹುಲಿಯೇರಿದ ಮೇಲೆ ಅವಳಿಗೆ ಜನ ಕೈಮುಗಿಯುವರು, ಅವಳೊಡನೆ ನಡೆಯರು. ಕೈಮುಗಿಯುವುದು ನಮಗೆ ಸುಲಭವಾಗಿ ಬರುವ ವಿದ್ಯೆ. ಮಂತ್ರಾಲಯಕ್ಕೆ ಹೋದವರು ಮೊದಲು ಮಂಚಾಲಮ್ಮನ ದರ್ಶನ ಪಡೆಯುವುದು ಪದ್ಧತಿ. ಹಾಗೆ ದರ್ಶನ ಪಡೆದು ಊರಿಗೆ ಬಂದವನೇ ಮಗಳನ್ನು ಏಳನೆಯ ತರಗತಿಗೆ ಬಿಡಿಸುವುದನ್ನೂ ನಾವು ಕಂಡಿದ್ದೇವೆ. ಓಬವ್ವನಿಗೆ ಯಾವ ವರವೂ ಇಲ್ಲ, ವಾಹನವೂ ಇಲ್ಲ. ಅವಳ ಪಟಕ್ಕೆ ಕಾಳಿಯ ಕೂದಲನ್ನೂ ಕಣ್ಣನ್ನೂ ಅಂಟಿಸಿದಾಗ ಅವಳ ಬಲವೆಲ್ಲ ಬೇರೆಲ್ಲಿಂದಲೋ ಬಂದದ್ದೆಂದು ಹೇಳಿದಂತಾಯಿತು. ಇದು ಹೊಗಳಿಕೆಯ ಹೆಸರಿನಲ್ಲಿ ಮಾಡಿದ ಕಳವು.

ಮಕ್ಕಳಿಗೆ ಎತ್ತಿದ ಒನಕೆಯೇ ಬೇಕು, ನೀವು ಹೇಳುವ ಓಬವ್ವ ಸಪ್ಪೆಯಾಗುತ್ತಾಳೆ ಎಂದು ಆಕ್ಷೇಪಿಸುವ ಮಿತ್ರರಿದ್ದಾರೆ. ಆ ಮಾತಿನಲ್ಲಿ ತಥ್ಯವಿದೆ. ವೇಷ ಹಾಕಿದ ಹುಡುಗಿ ಥರ್ಮೋಕೋಲಿನ ಒನಕೆಯನ್ನು ಎತ್ತಿ ನಿಂತಾಗ ಸಭೆ ಚಪ್ಪಾಳೆ ತಟ್ಟುತ್ತದೆ, ಅವಳ ಕಣ್ಣೂ ಅರಳುತ್ತದೆ. ಅದನ್ನು ಕಸಿದುಕೊಳ್ಳುವ ಅರಸಿಕತೆ ನನಗಿಲ್ಲ. ಎತ್ತಿದ ಒನಕೆ ಇರಲಿ, ನೆಟ್ಟಗಿರಲಿ. ಅದಕ್ಕೆ ಮೊದಲು ಕೊಡವಿರಲಿ, ಕತ್ತಲೆಯಿರಲಿ, ಕಾಯುವಿಕೆಯಿರಲಿ. ನಮ್ಮ ಸಂಘದ ಭಿತ್ತಿಪತ್ರಿಕೆಯಲ್ಲಿ ಹನ್ನೆರಡು ಚೌಕಟ್ಟುಗಳ ಒಂದು ಓಬವ್ವನ ಕಥೆಯನ್ನು ಮಕ್ಕಳಿಂದಲೇ ಬರೆಯಿಸಬಹುದು. ಕೊಲ್ಲುವ ಚಿತ್ರ ಅದರಲ್ಲಿ ಎರಡನ್ನು ಮೀರಬೇಕಾಗಿಲ್ಲ. ಮಾತುಗಳನ್ನು ಗ್ರಂಥಸ್ಥ ಭಾಷೆಯಲ್ಲಿ ಬರೆಯಲೇಬೇಕೆಂಬ ಹಟವೂ ಬೇಡ. ರಾಣಿಯರು ಬೇಕಾದರೆ 'ಎಲೈ ಶತ್ರುವೇ' ಎನ್ನಲಿ. ಓಬವ್ವ ತನ್ನ ಮನೆಯ ಮಾತನ್ನೇ ಆಡಲಿ.

ಕೊನೆಯ ಚೌಕಟ್ಟಿನ ವಿಚಾರದಲ್ಲಿ ಮಾತ್ರ ನನಗೆ ನಿಶ್ಚಯವಾದ ಅಭಿಪ್ರಾಯವಿದೆ. ಬಹುತೇಕ ಪುಸ್ತಕಗಳು ಅವಳ ಹೆಣದ ಮೇಲೆ, ಇಲ್ಲವೇ ಆಕಾಶದಿಂದ ಸುರಿಯುವ ಹೂವಿನ ಮೇಲೆ ಮುಗಿಯುತ್ತವೆ. ಹೆಣ್ಣಿನ ಶೌರ್ಯಕ್ಕೆ ಸಾವೇ ಬಹುಮಾನವೆಂದು ಮಗು ಅದರಿಂದ ತಿಳಿಯುತ್ತದೆ. ಮುದ್ದಹನುಮ ಓಡಿ ಬಂದು ಕಹಳೆ ಊದುವ ಗಳಿಗೆಯಲ್ಲಿ ನಿಲ್ಲಿಸಿದರೆ ಕಥೆಗೆ ಯಾವ ಕೊರತೆಯೂ ಆಗದು. ಕೋಟೆ ಎಚ್ಚರಗೊಂಡಿತು, ಅವಳು ಬಯಸಿದ್ದು ಅದನ್ನೇ. ಸತ್ತಳೆಂಬುದನ್ನು ಬಾಯಿಂದ ಹೇಳೋಣ, ಮರೆಮಾಚಬೇಕಾಗಿಲ್ಲ. ಚಿತ್ರ ಮಾತ್ರ ಅವಳು ನಿಂತಿರುವಾಗಲೇ ಮುಗಿಯಲಿ.

ದುರ್ಗವನ್ನು ಹೈದರನು 1779ರಲ್ಲಿ ಕೊನೆಗೂ ಗೆದ್ದುಕೊಂಡನು. ಏಳು ವರ್ಷಗಳ ಬಳಿಕ, 1786ರಲ್ಲಿ, ಅವನ ಮಗ ಟಿಪ್ಪು ನಮ್ಮ ಆದವಾನಿಯ ಕೋಟೆಯನ್ನು ಮುತ್ತಿದನು. ಒಳಗೆ ನಿಜಾಮನ ಬಂಧುವಾದ ಮಹಾಬತ್ ಜಂಗನ ಅಂತಃಪುರದ ಹೆಂಗಸರಿದ್ದರು. ಅವರನ್ನು ಪಾರುಮಾಡಲೆಂದೇ ನಿಜಾಮನ ಮತ್ತು ಮರಾಠರ ಸೈನ್ಯಗಳು ಬಂದವು. ಚರಿತ್ರೆಯ ಪುಸ್ತಕಗಳಲ್ಲಿ ಆ ಹೆಂಗಸರಿಗೆ ಒಂದು ಸಾಲು ದೊರೆತಿದೆ, ಸಾಗಿಸಬೇಕಾದ ಸಾಮಾನಿನ ಪಟ್ಟಿಯಲ್ಲಿ ಎಂಬಂತೆ. ಅವರಿಗೆ ನೀರು ಹೊತ್ತವರು, ಅಡುಗೆ ಮಾಡಿದವರು, ಬೆಟ್ಟದ ಮೇಲಿಂದ ಇಳಿಯುವಾಗ ಮಕ್ಕಳನ್ನು ಎತ್ತಿಕೊಂಡವರು ಆ ಸಾಲಿನಲ್ಲಿಯೂ ಇಲ್ಲ. ಅವರಲ್ಲಿ ಒಬ್ಬಳನ್ನು ಕಥಾನಾಯಕಿಯಾಗಿಸಿ ಮಕ್ಕಳು ಚಿತ್ರ ಬರೆಯಬಹುದು. ಹೆಸರನ್ನು ಮಕ್ಕಳೇ ಇಡಲಿ. ಕಥೆಯ ಕೆಳಗೆ ಇದು ಕಟ್ಟಿದ ಕಥೆಯೆಂದು ಸ್ಪಷ್ಟವಾಗಿ ಬರೆಯಲಿ. ಕೋಟೆ ಕಿಟಕಿಯಿಂದಲೇ ಕಾಣುತ್ತದೆ, ಬೆಟ್ಟದ ಗೀಟನ್ನು ನೋಡಿಕೊಂಡೇ ಎಳೆಯಬಹುದು.